ಬಾಬ್‌ಕ್ಯಾಟ್‌ಗೆ ಬ್ರೇಕರ್, ಆಗರ್ ಹಾಕಿ ಓಡಿಸುವುದು ಹೇಗೆ: ನೇಮ್ ಪ್ಲೇಟ್ ಓದುವುದರಿಂದ ಹೋಸ್ ಬಿಚ್ಚುವವರೆಗೆ

ಸ್ಕಿಡ್ ಸ್ಟಿಯರ್ ಲೋಡರ್, ಅಂದರೆ ಮುಂದೆ ಬಕೆಟ್ ಹೊತ್ತ ಪುಟ್ಟ ಲೋಡರ್ ಮಷಿನ್, ಯಾವ ಕಂಪನಿಯದಾದರೂ ನಮ್ಮ ಸೈಟ್‌ಗಳಲ್ಲಿ ಅದು ಬಾಬ್‌ಕ್ಯಾಟೇ. ಬಕೆಟ್ ಹಾಕಿಕೊಂಡು ಮಣ್ಣು ತುಂಬುವ ಕೆಲಸವನ್ನು ಹುಡುಗರು ಒಂದೆರಡು ವಾರದಲ್ಲಿ ಕಲಿತುಬಿಡುತ್ತಾರೆ. ಕಷ್ಟ ಶುರುವಾಗುವುದು ಬಕೆಟ್ ಬಿಚ್ಚಿ, ಕಾಂಕ್ರೀಟ್ ಒಡೆಯುವ ಬ್ರೇಕರ್, ಗುಂಡಿ ಕೊರೆಯುವ ಆಗರ್, ರಸ್ತೆ ಗುಡಿಸುವ ಸ್ವೀಪರ್ ಹಾಕಿದಾಗ. ಬಕೆಟ್ ಕೆಲಸದಲ್ಲಿ ಮಷಿನ್‌ನ ಹೈಡ್ರಾಲಿಕ್ ಆಯಿಲ್ ಸಿಲಿಂಡರ್‌ಗೆ ಹೋಗಿ ನಿಲ್ಲುತ್ತದೆ. ಇಂಥ ಅಟ್ಯಾಚ್‌ಮೆಂಟ್‌ಗಳಲ್ಲಿ ಮಾತ್ರ ಆಯಿಲ್ ನಿಲ್ಲುವುದೇ ಇಲ್ಲ. ಪಂಪಿನಿಂದ ಹೊರಟು, ಹೋಸ್‌ನಲ್ಲಿ ಹಾದು, ಅಟ್ಯಾಚ್‌ಮೆಂಟ್ ತಿರುಗಿಸಿ, ಮತ್ತೆ ಟ್ಯಾಂಕಿಗೆ ಬರುತ್ತಲೇ ಇರುತ್ತದೆ.

ಹೆಚ್ಚಿನವರು ಆಯಿಲ್ ಹೋಗುವ ಲೈನ್‌ನ ಬಗ್ಗೆ ಮಾತ್ರ ಯೋಚಿಸುತ್ತಾರೆ. ಎಷ್ಟು ಪ್ರೆಶರ್, ಎಷ್ಟು ಪವರ್ ಅಂತ ಕೇಳುತ್ತಾರೆ. ಆದರೆ ಸೀಲ್ ಒಡೆಯುವುದು, ಆಯಿಲ್ ಕಾಯುವುದು, ಬ್ರೇಕರ್ ಮಂಕಾಗುವುದು ಎಲ್ಲ ಬಹುಪಾಲು ಆಯಿಲ್ ವಾಪಸ್ ಬರುವ ದಾರಿಯಲ್ಲಿನ ತೊಂದರೆಯಿಂದ. ಇದೊಂದು ತಲೆಯಲ್ಲಿದ್ದರೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೊದಲು ನೇಮ್ ಪ್ಲೇಟ್ ಓದಿ

ಎರಡು ಸಂಖ್ಯೆ ಬೇಕು: ಫ್ಲೋ ಮತ್ತು ಪ್ರೆಶರ್. ಫ್ಲೋ ಅಂದರೆ ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಬರುತ್ತದೆ ಅನ್ನುವುದು. ಪ್ರೆಶರ್ ಅಂದರೆ ಆ ಆಯಿಲ್ ಎಷ್ಟು ಒತ್ತಡದವರೆಗೆ ತಳ್ಳಬಲ್ಲದು ಅನ್ನುವುದು. ಫ್ಲೋ ವೇಗ ಕೊಡುತ್ತದೆ, ಪ್ರೆಶರ್ ಬಲ ಕೊಡುತ್ತದೆ.

ಸಾಮಾನ್ಯ ಸ್ಕಿಡ್ ಸ್ಟಿಯರ್‌ನ ಸ್ಟ್ಯಾಂಡರ್ಡ್ ಫ್ಲೋ ನಿಮಿಷಕ್ಕೆ ಸುಮಾರು 60ರಿಂದ 90 ಲೀಟರ್ ಇರುತ್ತದೆ. ಹೈ ಫ್ಲೋ ಇರುವ ಮಷಿನ್‌ಗಳಲ್ಲಿ 100 ಲೀಟರ್ ದಾಟುತ್ತದೆ, ಕೆಲವದರಲ್ಲಿ 150ರ ಹತ್ತಿರ ಹೋಗುತ್ತದೆ. ಪ್ರೆಶರ್ ಹೆಚ್ಚಾಗಿ 200ರಿಂದ 240 ಬಾರ್. ಪ್ಲೇಟ್ ಮೇಲೆ ಜಿಪಿಎಂ (ನಿಮಿಷಕ್ಕೆ ಗ್ಯಾಲನ್) ಅಂತಿದ್ದರೆ 3.8ರಿಂದ ಗುಣಿಸಿ, ಲೀಟರ್ ಸಿಗುತ್ತದೆ. ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಇದ್ದರೆ 14.5ರಿಂದ ಭಾಗಿಸಿ, ಬಾರ್ ಸಿಗುತ್ತದೆ.

ಇವೆರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ ಆಯಿಲ್ ಹೊತ್ತುಕೊಂಡು ಹೋಗುವ ಪವರ್ ಕಿಲೋವ್ಯಾಟ್‌ನಲ್ಲಿ ಬರುತ್ತದೆ. 70 ಲೀಟರ್, 200 ಬಾರ್ ಆದರೆ ಸುಮಾರು 23 ಕಿಲೋವ್ಯಾಟ್, ಅಂದರೆ 31 ಎಚ್‌ಪಿ. ಇಂಜಿನ್ 60 ಎಚ್‌ಪಿ ಇದ್ದರೂ ಅಟ್ಯಾಚ್‌ಮೆಂಟ್‌ಗೆ ಸಿಗುವುದು ಇಷ್ಟೇ. ಬಾಡಿಗೆಗೆ ತರುವಾಗ ಇಂಜಿನ್ ಎಚ್‌ಪಿ ಮಾತ್ರ ಕೇಳಬೇಡಿ. ಆಕ್ಸಿಲರಿ ಫ್ಲೋ, ಅಂದರೆ ಅಟ್ಯಾಚ್‌ಮೆಂಟ್‌ಗೆ ಹೋಗುವ ಫ್ಲೋ, ಎಷ್ಟು ಅಂತ ಕೇಳಿ.

ಈಗ ಅಟ್ಯಾಚ್‌ಮೆಂಟ್‌ನ ಪ್ಲೇಟ್ ನೋಡಿ. ಅಲ್ಲಿ ಕನಿಷ್ಠ ಮತ್ತು ಗರಿಷ್ಠ ಫ್ಲೋ ಬರೆದಿರುತ್ತದೆ. ಮಷಿನ್ ಕೊಡುವ ಫ್ಲೋ ಈ ಎರಡರ ನಡುವೆ ಇರಬೇಕು. ಕಡಿಮೆಯಾದರೆ ಕೆಲಸ ನಿಧಾನ, ಅಷ್ಟೇ. ಜಾಸ್ತಿಯಾದರೆ ಅಪಾಯ. ಒಂದು ಆಗರ್ ಲೆಕ್ಕ ನೋಡಿ. ಮೋಟಾರ್ 160 ಸಿಸಿ (ಒಂದು ಸುತ್ತಿಗೆ ಅಷ್ಟು ಆಯಿಲ್ ಬೇಕು), ಗೇರ್‌ಬಾಕ್ಸ್ 5ಕ್ಕೆ 1. ನಿಮಿಷಕ್ಕೆ 70 ಲೀಟರ್ ಕೊಟ್ಟರೆ ಮೋಟಾರ್ ಸುಮಾರು 437 ಸುತ್ತು, ಮಣ್ಣು ಕೊರೆಯುವ ಬಿಟ್ 87 ಸುತ್ತು ತಿರುಗುತ್ತದೆ. ಅದೇ ಆಗರ್‌ಗೆ ಹೈ ಫ್ಲೋ ಬಟನ್ ಒತ್ತಿ 120 ಲೀಟರ್ ಬಿಟ್ಟರೆ ಬಿಟ್ 150 ಸುತ್ತಿಗೆ ಹೋಗುತ್ತದೆ. ಆ ವೇಗದಲ್ಲಿ ನೆಲದೊಳಗೆ ಕಲ್ಲು ಸಿಕ್ಕಿದರೆ ಏನಾಗಬಹುದು ಯೋಚಿಸಿ. ಸ್ಟ್ಯಾಂಡರ್ಡ್ ಫ್ಲೋ ಅಟ್ಯಾಚ್‌ಮೆಂಟ್ ಹಾಕಿದಾಗ ಹೈ ಫ್ಲೋ ಬಟನ್ ಮುಟ್ಟಬಾರದು ಅನ್ನುವುದನ್ನು ಆಪರೇಟರ್‌ಗೆ ಮೊದಲ ದಿನವೇ ಹೇಳಿಬಿಡಿ.

ತೂಕದ ಲೆಕ್ಕವೂ ಇದೆ. ಗಾಲಿ ಇರುವ ಸ್ಕಿಡ್ ಸ್ಟಿಯರ್‌ಗೆ ಕೊಡುವ ರೇಟೆಡ್ ಕೆಪಾಸಿಟಿ, ಮಷಿನ್ ಮುಂದಕ್ಕೆ ಮಗುಚುವ ತೂಕದ ಅರ್ಧ. ಬ್ರೇಕರ್ ತೂಕ ಅದಕ್ಕಿಂತ ಸಾಕಷ್ಟು ಕಡಿಮೆ ಇರಲಿ. ಇಳಿಜಾರಿನಲ್ಲಿ ಮಷಿನ್‌ನ ಭಾರದ ತುದಿ ಯಾವಾಗಲೂ ಏರಿನ ಕಡೆಗಿರಬೇಕು. ಖಾಲಿ ಬಕೆಟ್ ಇದ್ದಾಗ ಭಾರ ಹಿಂದೆ ಇರುತ್ತದೆ, ತೂಕದ ಅಟ್ಯಾಚ್‌ಮೆಂಟ್ ಹಾಕಿದಾಗ ಮುಂದಕ್ಕೆ ಬರುತ್ತದೆ. ಬಕೆಟ್ ಅಭ್ಯಾಸದಲ್ಲಿ ಬೆಳೆದ ಆಪರೇಟರ್ ಇದನ್ನು ಮರೆಯುತ್ತಾನೆ.

ಕೂರಿಸುವುದು

ಸಮತಟ್ಟಾದ ಜಾಗದಲ್ಲಿ ಅಟ್ಯಾಚ್‌ಮೆಂಟ್ ಇಡಿ. ಮಷಿನ್‌ನ ಮುಂದಿನ ಕ್ವಿಕ್ ಅಟ್ಯಾಚ್ ಪ್ಲೇಟ್ (ಅಟ್ಯಾಚ್‌ಮೆಂಟ್ ಸಿಕ್ಕಿಸುವ ತಟ್ಟೆ) ಮೇಲೆ ಮಣ್ಣು, ಕಾಂಕ್ರೀಟ್ ಗಟ್ಟಿಯಾಗಿ ಅಂಟಿರುತ್ತದೆ. ಅದನ್ನು ಮೊದಲು ಕೆರೆದು ತೆಗೆಯಿರಿ. ಎರಡೂ ಲಿವರ್ ಮೇಲಕ್ಕೆತ್ತಿ, ತೋಳು ಪೂರ್ತಿ ಇಳಿಸಿ, ಪ್ಲೇಟನ್ನು ಮುಂದಕ್ಕೆ ಬಾಗಿಸಿ ನಿಧಾನವಾಗಿ ಮುಂದೆ ಹೋಗಿ. ಪ್ಲೇಟಿನ ಮೇಲಂಚು ಅಟ್ಯಾಚ್‌ಮೆಂಟ್‌ನ ಮೇಲಿನ ಮಡಿಕೆಯೊಳಗೆ ಪೂರ್ತಿ ಕೂರಬೇಕು. ಆಮೇಲೆ ಹಿಂದಕ್ಕೆ ಬಾಗಿಸಿ, ನೆಲದಿಂದ ಸ್ವಲ್ಪವೇ ಎತ್ತಿ. ಇಂಜಿನ್ ಆಫ್ ಮಾಡಿ ಇಳಿದು ಎರಡೂ ಲಿವರ್ ಒತ್ತಿ ಲಾಕ್ ಮಾಡಿ.

ಲಿವರ್ ಕೆಳಗೆ ಬಂತು ಅಂದ ಮಾತ್ರಕ್ಕೆ ಲಾಕ್ ಆಗಿದೆ ಅಂತ ಅಲ್ಲ. ಬಗ್ಗಿ ಕೆಳಗೆ ನೋಡಿ. ಎರಡು ಪಿನ್‌ಗಳೂ ಅಟ್ಯಾಚ್‌ಮೆಂಟ್‌ನ ತಳದ ತೂತುಗಳಿಂದ ಹೊರಗೆ ಇಣುಕಿರಬೇಕು. ಒಂದು ಪಿನ್ ಕಾಣುತ್ತಿದೆ, ಇನ್ನೊಂದು ಮಣ್ಣಿನಲ್ಲಿ ಮುಚ್ಚಿದೆ ಅಂದರೆ ಮಣ್ಣು ತೆಗೆದು ನೋಡಿ. ತೋಳು ಎತ್ತಿದ ಮೇಲೆ ಅಟ್ಯಾಚ್‌ಮೆಂಟ್ ಕಳಚಿಕೊಂಡರೆ ಕ್ಯಾಬಿನ್ ಮೇಲೋ ಪಕ್ಕದಲ್ಲಿ ನಿಂತವರ ಮೇಲೋ ಬೀಳುತ್ತದೆ.

ಹೋಸ್ ಜೋಡಿಸುವುದು: ಇಲ್ಲಿ ಅವಸರ ಬೇಡ

ಮೊದಲು ಲೈನ್‌ನಲ್ಲಿ ಸಿಕ್ಕಿಕೊಂಡ ಪ್ರೆಶರ್ ಬಿಡಬೇಕು. ಹೆಚ್ಚಿನ ಮಷಿನ್‌ಗಳಲ್ಲಿ ತೋಳು ಇಳಿಸಿ, ಇಂಜಿನ್ ಆಫ್ ಮಾಡಿ, ಕೀ ಆನ್‌ನಲ್ಲಿಟ್ಟು ಆಕ್ಸಿಲರಿ ಸ್ವಿಚ್ಚನ್ನು ಎರಡೂ ಕಡೆಗೆ ಕೆಲವು ಸಲ ಒತ್ತಿದರೆ ಸಾಕು. ಕೆಲವು ಮಷಿನ್‌ಗಳಲ್ಲಿ ಹೋಸ್ ಸಿಕ್ಕಿಸುವ ಕಪ್ಲರನ್ನೇ ಒಳಗೆ ಒತ್ತಿ ಕೆಲವು ಸೆಕೆಂಡ್ ಹಿಡಿದರೆ ಪ್ರೆಶರ್ ಇಳಿಯುತ್ತದೆ. ನಿಮ್ಮ ಮಷಿನ್‌ದು ಯಾವ ಬಗೆ ಅನ್ನುವುದು ಮ್ಯಾನುಯಲ್‌ನಲ್ಲಿರುತ್ತದೆ.

ಈಗ ಕಪ್ಲರ್ ಒರೆಸಿ. ಇವತ್ತಿನ ಮಷಿನ್‌ಗಳಲ್ಲಿ ಇರುವುದು ಫ್ಲಾಟ್ ಫೇಸ್ ಕಪ್ಲರ್. ಅದರ ಮುಖ ನಾಣ್ಯದ ಹಾಗೆ ಚಪ್ಪಟೆ. ಒರೆಸಲು ಸುಲಭವಾಗಲಿ ಅಂತಲೇ ಹಾಗೆ ಮಾಡಿರುವುದು. ಹಳೇ ಬನಿಯನ್ ಬಟ್ಟೆಯಲ್ಲಿ ಒಂದು ಸಲ ಒರೆಸಿ ನೋಡಿ, ಬಟ್ಟೆ ಮೇಲೆ ಕೆಂಪು ಧೂಳಿನ ಉಂಗುರ ಮೂಡುತ್ತದೆ. ಒರೆಸದೆ ಒತ್ತಿದ್ದರೆ ಆ ಉಂಗುರ ಆಯಿಲ್ ಒಳಗೆ ಹೋಗುತ್ತಿತ್ತು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಪಂಪ್ ಮತ್ತು ಮೋಟಾರ್ ಒಳಗೆ 10 ಮೈಕ್ರಾನ್‌ಗಿಂತ ಸಣ್ಣ ಸಂದುಗಳಿರುತ್ತವೆ. ಕಣ್ಣಿಗೆ ಕಾಣದ ಧೂಳು ಕೂಡ ಅಲ್ಲಿ ಉಜ್ಜುತ್ತದೆ. ಎರಡೂ ಕಡೆಯ ಮುಖ ಒರೆಸಿ, ಬಟ್ಟೆಯ ಹೊಸ ಜಾಗದಲ್ಲಿ ಇನ್ನೊಂದು ಸಲ ಒರೆಸಿ. ಈ ಲೇಖನದಿಂದ ಒಂದೇ ಅಭ್ಯಾಸ ಕಲಿಯುವುದಾದರೆ ಇದನ್ನೇ ಕಲಿಯಿರಿ ಅನ್ನುತ್ತೇನೆ.

ಜೋಡಿಸುವ ಕ್ರಮ ಹೀಗೆ:

1. ಮೂರನೇ ಸಣ್ಣ ಹೋಸ್ ಇದ್ದರೆ ಅದು ಕೇಸ್ ಡ್ರೈನ್. ಮೊದಲು ಅದನ್ನೇ ಹಾಕಿ.
2. ಆಮೇಲೆ ರಿಟರ್ನ್ ಲೈನ್, ಅಂದರೆ ಆಯಿಲ್ ವಾಪಸ್ ಬರುವ ಹೋಸ್.
3. ಕೊನೆಗೆ ಪ್ರೆಶರ್ ಲೈನ್.
4. ಪ್ರತಿ ಕಪ್ಲರ್‌ನ ಕಾಲರ್ ತಿರುಗಿಸಿ ಲಾಕ್ ಮಾಡಿ, ಕೈಯಲ್ಲಿ ಎಳೆದು ನೋಡಿ.
5. ವಿದ್ಯುತ್ ಪ್ಲಗ್ ಇದ್ದರೆ ಅದನ್ನು ಸಿಕ್ಕಿಸಿ.

ಕೇಸ್ ಡ್ರೈನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪೊದೆ ಕತ್ತರಿಸುವ ಬ್ರಷ್ ಕಟರ್, ರಸ್ತೆಯ ಮೇಲ್ಪದರ ಕೆರೆಯುವ ಕೋಲ್ಡ್ ಪ್ಲೇನರ್, ಕಾಲುವೆ ತೋಡುವ ಕೆಲವು ಟ್ರೆಂಚರ್‌ಗಳಲ್ಲಿ ಪಿಸ್ಟನ್ ಮೋಟಾರ್ ಇರುತ್ತದೆ. ಅಂಥ ಮೋಟಾರ್ ಒಳಗೆ ಸ್ವಲ್ಪ ಆಯಿಲ್ ಸೋರುತ್ತಲೇ ಇರುತ್ತದೆ. ಅದು ದೋಷವಲ್ಲ, ಒಳಗಿನ ಬೇರಿಂಗ್‌ಗಳಿಗೆ ಆಯಿಲ್ ಸಿಗುವುದೇ ಹಾಗೆ. ಆ ಆಯಿಲ್ ಮೋಟಾರ್‌ನ ಹೊರಕವಚದಲ್ಲಿ ಸೇರಿ, ಪ್ರೆಶರ್ ಇಲ್ಲದೆ ನೇರ ಟ್ಯಾಂಕಿಗೆ ಹೋಗಬೇಕು. ಆ ದಾರಿಯೇ ಕೇಸ್ ಡ್ರೈನ್. ಅದನ್ನು ಹಾಕದೆ ಮೋಟಾರ್ ಓಡಿಸಿದರೆ ಕವಚದಲ್ಲಿ ಪ್ರೆಶರ್ ಏರಿ, ಕೆಲವೇ ಸೆಕೆಂಡ್‌ನಲ್ಲಿ ಶಾಫ್ಟ್ ಸೀಲ್ ಹೊರಗೆ ಚಿಮ್ಮುತ್ತದೆ. ಅದಕ್ಕೇ ಹಾಕುವಾಗ ಮೊದಲು ಅದು, ಬಿಚ್ಚುವಾಗ ಕೊನೆಗೆ ಅದು. ನಿಮ್ಮ ಮಷಿನ್‌ನಲ್ಲಿ ಕೇಸ್ ಡ್ರೈನ್ ಲೈನ್ ಇಲ್ಲ, ಅಟ್ಯಾಚ್‌ಮೆಂಟ್ ಕೇಳುತ್ತಿದೆ ಅಂದರೆ ಆ ಅಟ್ಯಾಚ್‌ಮೆಂಟ್ ಹಾಕಬೇಡಿ. ಆ ಹೋಸನ್ನು ರಿಟರ್ನ್‌ಗೆ ಟೀ (ಮೂರು ಬಾಯಿಯ ಫಿಟ್ಟಿಂಗ್) ಹಾಕಿ ಸೇರಿಸಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್ ಸಿಗುತ್ತಾರೆ, ಒಪ್ಪಬೇಡಿ. ರಿಟರ್ನ್ ಲೈನ್‌ನಲ್ಲೂ ಪ್ರೆಶರ್ ಇರುತ್ತದಲ್ಲ, ಅದು ನೇರವಾಗಿ ಸೀಲ್ ಮೇಲೆ ಬೀಳುತ್ತದೆ.

ಇನ್ನೊಂದು ಎಚ್ಚರ. ಕಂಪನಿ ಫಿಟ್ಟಿಂಗ್‌ನಲ್ಲಿ ಒಂದು ಹೋಸ್‌ಗೆ ಗಂಡು ಕಪ್ಲರ್, ಇನ್ನೊಂದಕ್ಕೆ ಹೆಣ್ಣು ಕಪ್ಲರ್ ಇರುತ್ತದೆ. ಅದಲು ಬದಲಾಗದಿರಲಿ ಅಂತ ಹಾಗೆ ಮಾಡಿರುತ್ತಾರೆ. ಆದರೆ ಹೋಸ್ ಹಳೆಯದಾಗಿ ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲೋ ನಿಮ್ಮೂರಿನ ಹೋಸ್ ಅಂಗಡಿಯಲ್ಲೋ ಹೊಸದು ಕ್ರಿಂಪ್ ಮಾಡಿಸಿದ್ದರೆ, ಕಪ್ಲರ್ ತಿರುಗುಮುರುಗಾಗಿ ಕೂತಿರಬಹುದು. ಬ್ರೇಕರ್ ಮೇಲಿನ ಇನ್, ಔಟ್ ಗುರುತು ನೋಡಿ, ಹೋಸ್ ಹಿಡಿದು ಕಪ್ಲರ್‌ವರೆಗೆ ಕೈಯಾಡಿಸಿ ಖಚಿತ ಮಾಡಿಕೊಳ್ಳಿ. ಹೋಸ್ ಮಾಡಿಸುವಾಗ ಒಳವ್ಯಾಸ ಮೊದಲಿನಷ್ಟೇ ಇರಲಿ. ಅರ್ಧ ಇಂಚಿನ ಎರಡು ವೈರ್ ಬಲೆಯ 2ಎಸ್‌ಎನ್ ಹೋಸ್‌ನ ಕೆಲಸದ ಪ್ರೆಶರ್ 275 ಬಾರ್, ಇಂಥ ಕೆಲಸಕ್ಕೆ ಅದು ಸರಿ. ರಿಟರ್ನ್‌ಗೆ ಸಣ್ಣ ಹೋಸ್ ಸಾಕು ಅಂತ ದುಡ್ಡು ಉಳಿಸಲು ಹೋದರೆ ಆಯಿಲ್ ವಾಪಸ್ ಬರುವ ದಾರಿಯನ್ನೇ ಹಿಸುಕಿದ ಹಾಗೆ.

ಕಪ್ಲರ್ ಒಳಗೆ ಹೋಗುತ್ತಲೇ ಇಲ್ಲವೇ? ಬಿಸಿಲಲ್ಲಿ ಬಿದ್ದಿದ್ದ ಅಟ್ಯಾಚ್‌ಮೆಂಟ್‌ನಲ್ಲಿ ಇದು ಸಾಮಾನ್ಯ. ಒಳಗಿನ ಆಯಿಲ್ ಕಾದು ಹಿಗ್ಗಿ ಪ್ರೆಶರ್ ಕಟ್ಟಿರುತ್ತದೆ. ಕಲ್ಲಿನಿಂದಲೋ ಸುತ್ತಿಗೆಯಿಂದಲೋ ಕಪ್ಲರ್ ಮುಖಕ್ಕೆ ಕುಟ್ಟಬೇಡಿ. ಮುಖದ ಮೇಲೆ ಒಂದು ಗೀರು ಬಿದ್ದರೂ ಮುಂದೆ ಅದು ಸೋರುತ್ತದೆ. ನೆರಳಿಗೆ ತಂದು ಆರಲು ಬಿಡಿ. ಆದರೂ ಬಗ್ಗದಿದ್ದರೆ ಕನ್ನಡಕ, ಕೈಗವಸು ಹಾಕಿಕೊಂಡು, ಹೋಸ್ ಮತ್ತು ಕಪ್ಲರ್ ಸೇರುವ ನಟ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಮುಖ ಪಕ್ಕಕ್ಕಿಟ್ಟು ಸ್ಪ್ಯಾನರ್‌ನಲ್ಲಿ ಸ್ವಲ್ಪವೇ ಸಡಿಲಿಸಿ. ಒಂದೆರಡು ಚಮಚ ಆಯಿಲ್ ಹೊರಬಂದರೆ ಪ್ರೆಶರ್ ಇಳಿದಿದೆ ಅಂತ ಅರ್ಥ. ಮತ್ತೆ ಬಿಗಿ ಮಾಡಿ, ಕಪ್ಲರ್ ಒತ್ತಿ.

ಎಲ್ಲ ಆದ ಮೇಲೆ ಹೋಸ್ ಎಲ್ಲಿ ಹಾದುಹೋಗಿದೆ ನೋಡಿ. ತೋಳಿನ ಸಂದಿನಲ್ಲಿ ಸಿಗಬಾರದು, ಟೈರ್‌ಗೆ ತಾಗಬಾರದು. ಇಂಜಿನ್ ನಿಧಾನದಲ್ಲಿಟ್ಟು ತೋಳನ್ನು ಪೂರ್ತಿ ಮೇಲೆ, ಪೂರ್ತಿ ಕೆಳಗೆ, ಅಟ್ಯಾಚ್‌ಮೆಂಟನ್ನು ಮುಂದೆ, ಹಿಂದೆ ಬಾಗಿಸಿ ನೋಡಿ. ಹೋಸ್ ಬಿಗಿಯಾಗಿ ಎಳೆದರೆ ಅಲ್ಲೇ ಸರಿಮಾಡಿ.

ಸೋರಿಕೆಯನ್ನು ಕೈಯಲ್ಲಿ ಹುಡುಕಬೇಡಿ

200 ಬಾರ್‌ನಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಹೊರಡುವ ಆಯಿಲ್ ಕಣ್ಣಿಗೆ ಕಾಣುವುದೇ ಇಲ್ಲ. ಅದು ಕೈಗವಸು ದಾಟಿ, ಚರ್ಮ ತೂರಿ, ಬೆರಳೊಳಗೆ ಹೋಗಿಬಿಡುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಸಣ್ಣ ಗುರುತು. ಮೊದಲಿಗೆ ನೋವು ಕೂಡ ಕಡಿಮೆ ಇರಬಹುದು. ಅಷ್ಟಕ್ಕೇ ಬ್ಯಾಂಡೇಜ್ ಸುತ್ತಿ ಕೆಲಸಕ್ಕೆ ವಾಪಸ್ ಹೋದವರು ಬೆರಳು, ಕೆಲವೊಮ್ಮೆ ಕೈಯನ್ನೇ ಕಳೆದುಕೊಳ್ಳುತ್ತಾರೆ. ಇದಕ್ಕೆ ಆಪರೇಷನ್ ಬೇಕು, ಅದೂ ಕೆಲವೇ ಗಂಟೆಗಳ ಒಳಗೆ. 108ಕ್ಕೆ ಫೋನ್ ಮಾಡಿ, ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೇ ಹೋಗಿ. ಡಾಕ್ಟರ್‌ಗೆ "ಹೈಡ್ರಾಲಿಕ್ ಆಯಿಲ್ ಪ್ರೆಶರ್‌ನಲ್ಲಿ ಒಳಗೆ ಹೋಗಿದೆ" ಅಂತ ಇದೇ ಮಾತಲ್ಲಿ ಹೇಳಿ.

ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು. ಹೋಸ್ ಉದ್ದಕ್ಕೂ ದೂರದಿಂದ ರಟ್ಟು ಆಡಿಸಿ. ಒದ್ದೆ ಕಲೆ ಬಿದ್ದ ಕಡೆ ತೂತಿದೆ. ಇಂಜಿನ್ ನಿಲ್ಲಿಸಿ, ಪ್ರೆಶರ್ ಬಿಟ್ಟು, ಆಮೇಲೆ ಮುಟ್ಟಿ.

ಮೊದಲ ಐದು ನಿಮಿಷ

ಸೀಟಿನಲ್ಲಿ ಕೂತು ಬೆಲ್ಟ್ ಹಾಕಿ, ಸೀಟ್ ಬಾರ್ ಇಳಿಸಿ. ಇಂಜಿನ್ ಐಡಲ್‌ನಲ್ಲಿಟ್ಟು ಅಟ್ಯಾಚ್‌ಮೆಂಟ್ ಓಡಿಸಿ. ಚಿಕ್ಕಮಗಳೂರು, ಕೊಡಗಿನ ಚಳಿ ಬೆಳಗಿನಲ್ಲಿ ಆಯಿಲ್ ಬೆಚ್ಚಗಾಗಲು ಇನ್ನೂ ಸ್ವಲ್ಪ ಹೊತ್ತು ಕೊಡಿ. ಹೊಸ ಅಥವಾ ಒಣಗಿದ ಅಟ್ಯಾಚ್‌ಮೆಂಟ್ ಆದರೆ ಅದು ಮತ್ತು ಅದರ ಹೋಸ್‌ಗಳು ಆಯಿಲ್ ಕುಡಿದುಕೊಳ್ಳುತ್ತವೆ. ಆದ್ದರಿಂದ ಸ್ವಲ್ಪ ಓಡಿಸಿದ ಮೇಲೆ ತೋಳು ಇಳಿಸಿ, ಇಂಜಿನ್ ಆಫ್ ಮಾಡಿ ಆಯಿಲ್ ಲೆವೆಲ್ ನೋಡಿ. ಕಡಿಮೆಯಿದ್ದರೆ ಮಷಿನ್‌ನಲ್ಲಿ ಇರುವ ಗ್ರೇಡನ್ನೇ ಹಾಕಿ. ಕೈಗೆ ಸಿಕ್ಕ ಕ್ಯಾನ್‌ನಿಂದ ಸುರಿಯಬೇಡಿ. ಬಾಡಿಗೆ ಅಟ್ಯಾಚ್‌ಮೆಂಟ್ ಒಂದು ಮಷಿನ್‌ನಿಂದ ಇನ್ನೊಂದಕ್ಕೆ ಹೋಗುವಾಗ ಹಳೇ ಮಷಿನ್‌ನ ಕೊಳೆ ಆಯಿಲನ್ನೂ ಹೊತ್ತುಕೊಂಡು ಬರುತ್ತದೆ. ಬಾಡಿಗೆ ಅಟ್ಯಾಚ್‌ಮೆಂಟ್ ಜಾಸ್ತಿ ಬಳಸುವವರು ರಿಟರ್ನ್ ಫಿಲ್ಟರನ್ನು ಮ್ಯಾನುಯಲ್ ಹೇಳಿದ್ದಕ್ಕಿಂತ ಬೇಗ ಬದಲಿಸುವುದು ಒಳ್ಳೆಯದು.

ಫ್ಲೋ ಸ್ವಿಚ್‌ನಲ್ಲಿ ಎರಡು ಬಗೆ ಇದೆ. ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಆಯಿಲ್ ಹೋಗುವುದು ಒಂದು, ಒಮ್ಮೆ ಒತ್ತಿದರೆ ಹೋಗುತ್ತಲೇ ಇರುವುದು ಇನ್ನೊಂದು. ಹಿಡಿದೆತ್ತುವ ಗ್ರ್ಯಾಪಲ್, ಬ್ರೇಕರ್‌ಗೆ ಮೊದಲನೆಯದು. ಸ್ವೀಪರ್, ಬ್ರಷ್ ಕಟರ್, ಟ್ರೆಂಚರ್‌ಗೆ ಎರಡನೆಯದು. ಯಾವುದಕ್ಕೆ ರಿವರ್ಸ್ ಕೊಡಬಹುದು ಅನ್ನುವುದೂ ಗೊತ್ತಿರಲಿ. ಆಗರ್‌ಗೆ ಕೊಡಬಹುದು. ಬ್ರೇಕರ್‌ಗೆ ಕೊಡಬಾರದು, ರಿಟರ್ನ್ ಕಡೆಯಿಂದ ಪ್ರೆಶರ್ ನುಗ್ಗುತ್ತದೆ.

ಬ್ರೇಕರ್

ನಮ್ಮಲ್ಲಿ ಬಕೆಟ್ ಬಿಟ್ಟರೆ ಅತಿ ಹೆಚ್ಚು ಓಡುವುದು ಬ್ರೇಕರ್. ಕಾಂಕ್ರೀಟ್ ರಸ್ತೆ ಅಗೆಯಲು, ಹಳೇ ಮನೆಯ ಪಾಯ ಒಡೆಯಲು, ಜಮೀನಿನ ಬಂಡೆ ತೆಗೆಯಲು. ಅತಿ ಹೆಚ್ಚು ಹಾಳಾಗುವುದೂ ಇದೇ.

ಬ್ರೇಕರ್ ತುದಿಯ ಉಕ್ಕಿನ ಉಳಿಯೇ ಚಿಸೆಲ್. ಅದನ್ನು ನೆಲಕ್ಕೆ ನೇರವಾಗಿ, 90 ಡಿಗ್ರಿಯಲ್ಲಿ ಕೂರಿಸಿ. ತೋಳಿನಿಂದ ಒತ್ತಡ ಕೊಟ್ಟು, ಚಿಸೆಲ್ ಬ್ರೇಕರ್ ಒಳಗೆ ಸೇರಿದ ಮೇಲೆಯೇ ಸ್ವಿಚ್ ಒತ್ತಿ. ಮುಂದಿನ ಗಾಲಿ ನೆಲ ಬಿಡುವಷ್ಟು ಒತ್ತಬೇಡಿ. ಒಳಗಿನ ಪಿಸ್ಟನ್ ಹೊಡೆದ ಏಟು ಚಿಸೆಲ್ ಮೂಲಕ ಕಲ್ಲಿಗೆ ಹೋಗಬೇಕು. ಚಿಸೆಲ್ ಕೆಳಗೆ ಏನೂ ಇಲ್ಲದಿದ್ದರೆ ಆ ಏಟನ್ನು ಬ್ರೇಕರ್‌ನ ಪಿನ್, ಬೋಲ್ಟ್‌ಗಳೇ ತಿನ್ನುತ್ತವೆ. ಇದು ಖಾಲಿ ಹೊಡೆತ. ಕಲ್ಲು ಒಡೆದ ಕ್ಷಣ ಬೆರಳು ತೆಗೆಯಬೇಕು. ಆ ಕ್ಷಣ ಕಿವಿಗೆ ಗೊತ್ತಾಗುತ್ತದೆ. ಗಟ್ಟಿ ಕಲ್ಲಿನ ಮೇಲೆ ಹೊಡೆತ ಒಂದೇ ಸಮ, ದಪ್ಪ ಸದ್ದು. ಬಿರುಕು ಬಿಟ್ಟೊಡನೆ ಸದ್ದು ಟೊಳ್ಳಾಗುತ್ತದೆ. ಒಳ್ಳೆ ಆಪರೇಟರ್ ಕಣ್ಣಿಗಿಂತ ಕಿವಿಯನ್ನೇ ನಂಬುತ್ತಾನೆ.

ಒಂದೇ ಜಾಗದಲ್ಲಿ 15-20 ಸೆಕೆಂಡ್ ಹೊಡೆದರೂ ಬಿರುಕು ಬಾರದಿದ್ದರೆ ಜಾಗ ಬದಲಿಸಿ. ಅಲ್ಲೇ ಹೊಡೆಯುತ್ತಿದ್ದರೆ ಚಿಸೆಲ್ ತುದಿ ಕಾದು ಮೆತ್ತಗಾಗಿ ಮೊಂಡಾಗುತ್ತದೆ. ಕೋಲಾರ, ತುಮಕೂರು ಕಡೆಯ ಗ್ರಾನೈಟ್ ಬಂಡೆಗೆ ನಡುವೆ ಹೊಡೆದು ಪ್ರಯೋಜನವಿಲ್ಲ. ಅಂಚಿನಿಂದ ಶುರು ಮಾಡಿ ಒಳಗೆ ಬನ್ನಿ. ದೊಡ್ಡ ಬಂಡೆಗೆ ಸ್ಕಿಡ್ ಸ್ಟಿಯರ್ ಬ್ರೇಕರ್ ಸಾಲುವುದಿಲ್ಲ, ಎಕ್ಸ್‌ಕವೇಟರ್ ಬ್ರೇಕರ್ ತರಿಸಿ ಅಂತ ಮಾಲೀಕರಿಗೆ ಮೊದಲೇ ಹೇಳಿಬಿಡುವುದು ಎಲ್ಲರಿಗೂ ಒಳ್ಳೆಯದು.

ಒಡೆದ ತುಂಡನ್ನು ಚಿಸೆಲ್‌ನಿಂದ ಮೀಟಬೇಡಿ. ಚಿಸೆಲ್ ಮುರಿಯುತ್ತದೆ, ಇಲ್ಲ ಅದನ್ನು ಹಿಡಿದಿರುವ ಬುಷ್ ಸವೆಯುತ್ತದೆ. ಬಕೆಟ್ ಹಾಕಿ ತೆಗೆಯಲು ಸಮಯ ಹಿಡಿಯುತ್ತದೆ ನಿಜ, ಆದರೆ ಹೊಸ ಚಿಸೆಲ್ ಬೆಲೆ ಕೇಳಿದರೆ ಆ ಸಮಯ ದೊಡ್ಡದು ಅನ್ನಿಸುವುದಿಲ್ಲ.

ಗ್ರೀಸ್ ಹೊಡೆಯುವುದಕ್ಕೂ ಒಂದು ರೀತಿ ಇದೆ. ಚಿಸೆಲನ್ನು ನೆಲಕ್ಕೆ ಒತ್ತಿ ಒಳಗೆ ಸೇರಿಸಿ, ಇಂಜಿನ್ ಆಫ್ ಮಾಡಿ, ಆಮೇಲೆ ಗ್ರೀಸ್ ಗನ್ ಹಿಡಿಯಿರಿ. ಚಿಸೆಲ್ ತೂಗಾಡುವಾಗ ಹೊಡೆದರೆ ಗ್ರೀಸ್ ಪಿಸ್ಟನ್ ಮತ್ತು ಚಿಸೆಲ್ ನಡುವೆ ತುಂಬಿಕೊಂಡು ಮೊದಲ ಏಟಿಗೇ ಸೀಲ್ ಕಿತ್ತು ಬರುತ್ತದೆ. ಎರಡು ಗಂಟೆಗೊಮ್ಮೆಯಾದರೂ ಹೊಡೆಯಿರಿ. ಗಾಲಿ ಬೇರಿಂಗ್‌ಗೆ ಹಾಕುವ ಸಾದಾ ಗ್ರೀಸ್ ಬಿಸಿಗೆ ಕರಗಿ ಹರಿದುಹೋಗುತ್ತದೆ, ಚಿಸೆಲ್ ಪೇಸ್ಟ್ ಅಂತಲೇ ಕೇಳಿ ತನ್ನಿ.

ಬ್ರೇಕರ್ ಓಡುವಾಗ ಹೋಸ್ ಸ್ವಲ್ಪ ಅದುರುವುದು ಸಹಜ. ತುಂಬಾ ಕುಣಿಯುತ್ತಿದ್ದರೆ ಒಳಗಿನ ನೈಟ್ರೋಜನ್ ಗ್ಯಾಸ್ ಕಡಿಮೆಯಾಗಿರಬಹುದು. ಗ್ಯಾಸ್ ತುಂಬುವುದು ಬ್ರೇಕರ್ ಸರ್ವಿಸ್‌ನವರ ಕೆಲಸ. ನೈಟ್ರೋಜನ್ ಬದಲು ಬೇರೆ ಯಾವ ಗ್ಯಾಸನ್ನೂ ತುಂಬಿಸಲು ಬಿಡಬೇಡಿ. ಆಕ್ಸಿಜನ್ ತುಂಬಿದರೆ ಆಯಿಲ್ ಜೊತೆ ಸೇರಿ ಸ್ಫೋಟವಾಗುತ್ತದೆ.

ಆಗರ್

ತೋಟದ ಬೇಲಿಗೆ ಕಲ್ಲುಕಂಬ ನಿಲ್ಲಿಸಲು, ಗಿಡ ನೆಡಲು ಗುಂಡಿ ತೆಗೆಯುವವರು ಈಗ ಆಗರ್ ಕಡೆ ಬರುತ್ತಿದ್ದಾರೆ. ಕಂಬಕ್ಕೆ 9 ಅಥವಾ 12 ಇಂಚಿನ ಬಿಟ್, ಎರಡು ಅಡಿ ಆಳ ಸಾಕು.

ಬಿಟ್ ಇಳಿಸುವ ಮುಂಚೆ ಕೆಳಗೆ ಏನಿದೆ ತಿಳಿದುಕೊಳ್ಳಿ. ತೋಟದಲ್ಲಾದರೆ ಬೋರ್‌ವೆಲ್ ಕೇಬಲ್, ಡ್ರಿಪ್ ಪೈಪ್. ಊರೊಳಗಾದರೆ ಕರೆಂಟ್ ಕೇಬಲ್, ಗ್ಯಾಸ್ ಪೈಪ್, ಫೈಬರ್. ಅಗೆಯುವ ಮುಂಚೆ ಕೇಬಲ್, ಪೈಪ್‌ಗಳ ಮಾಲೀಕರಿಗೆ ಸುದ್ದಿ ಮುಟ್ಟಿಸಲು ಕೇಂದ್ರ ಸರ್ಕಾರ 2023ರಲ್ಲಿ "ಕಾಲ್ ಬಿಫೋರ್ ಯು ಡಿಗ್" ಆ್ಯಪ್ ತಂದಿದೆ. ಗುತ್ತಿಗೆದಾರರು ಇದನ್ನು ಬಳಸಬೇಕು.

ಬಿಟ್ ನೇರವಾಗಿ ತೂಗಲು ಬಿಟ್ಟು, ತುದಿಯನ್ನು ಗುರುತಿನ ಮೇಲೆ ಇಟ್ಟು, ನಿಧಾನವಾಗಿ ತಿರುಗಿಸಿ. ಒಂದೇ ಸಲ ಎರಡಡಿ ಇಳಿಸಬೇಡಿ. ಸುಮಾರು ಒಂದಡಿ ಇಳಿದ ಮೇಲೆ ಎತ್ತಿ, ತಿರುಗಿಸಿ ಮಣ್ಣು ಉದುರಿಸಿ, ಮತ್ತೆ ಇಳಿಸಿ. ಕೆಂಪು ಮಣ್ಣು ಸುಲಭವಾಗಿ ಉದುರುತ್ತದೆ. ಎರೆಮಣ್ಣು ಹಸಿಯಾಗಿದ್ದರೆ ಬಿಟ್‌ಗೆ ಅಂಟಿ ಹಿಡಿಯುತ್ತದೆ. ಆಗ ಮುಂದೆ ಹಿಂದೆ ತಿರುಗಿಸಿ ಒದರಿಸಿ, ಅಥವಾ ಮಷಿನ್ ಆಫ್ ಮಾಡಿ ಗುದ್ದಲಿಯಲ್ಲಿ ಕೆರೆಯಿರಿ. ತಿರುಗುವ ಬಿಟ್‌ನಿಂದ ಯಾರೂ ಕೈಯಲ್ಲಿ ಮಣ್ಣು ತೆಗೆಯಬಾರದು. ಹೆಗಲ ಮೇಲಿನ ಟವಲ್, ಲುಂಗಿ, ಸೀರೆ ಸೆರಗು ಸುತ್ತಿಕೊಂಡರೆ ಆಪರೇಟರ್ ಸ್ವಿಚ್ ಬಿಡುವಷ್ಟರಲ್ಲಿ ಮನುಷ್ಯ ಒಳಗೆ ಎಳೆದುಹೋಗಿರುತ್ತಾನೆ. ಮಷಿನ್ ಸುತ್ತ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳುವುದು ಆಪರೇಟರ್‌ನ ಕೆಲಸ.

ಕಲ್ಲು ಸಿಕ್ಕಿ ಬಿಟ್ ನಿಂತರೆ ಸ್ವಿಚ್ ಬಿಡಿ. ಒತ್ತಿ ಹಿಡಿದೇ ಇದ್ದರೆ ಆಯಿಲ್ ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ದಾಟಿದರೆ ತೆರೆಯುವ ವಾಲ್ವ್) ಮೂಲಕ ನುಗ್ಗಿ, ನೇಮ್ ಪ್ಲೇಟ್ ಲೆಕ್ಕದಲ್ಲಿ ಬಂದ ಆ 23 ಕಿಲೋವ್ಯಾಟ್ ಪೂರ್ತಿ ಶಾಖವಾಗುತ್ತದೆ. 2 ಕಿಲೋವ್ಯಾಟ್‌ನ 11 ಗೀಸರ್ ಒಟ್ಟಿಗೆ ಆಯಿಲ್ ಟ್ಯಾಂಕ್ ಕಾಯಿಸುವಷ್ಟು ಶಾಖ ಅದು. ರಿವರ್ಸ್ ಕೊಟ್ಟು ಮೇಲೆತ್ತಿ, ಹಾರೆಯಲ್ಲಿ ಕಲ್ಲು ಬಿಡಿಸಿ. ಬಿಟ್ ನೆಲದೊಳಗಿರುವಾಗ ಮಷಿನ್ ತಿರುಗಿಸುವುದು, ಪಕ್ಕಕ್ಕೆ ಎಳೆಯುವುದು ಬೇಡವೇ ಬೇಡ, ಶಾಫ್ಟ್ ಬಾಗುತ್ತದೆ.

ಗಿಡಕ್ಕೆ ಗುಂಡಿ ತೆಗೆಸುವವರಿಗೆ ಒಂದು ಮಾತು. ಹಸಿ ಜಿಗುಟು ಮಣ್ಣಿನಲ್ಲಿ ಆಗರ್ ಗುಂಡಿಯ ಗೋಡೆ ಗಾರೆ ಸವರಿದ ಹಾಗೆ ನುಣುಪಾಗುತ್ತದೆ. ಬೇರು ಅದನ್ನು ದಾಟಲು ಕಷ್ಟಪಟ್ಟು ಗುಂಡಿಯೊಳಗೇ ಸುತ್ತುತ್ತದೆ. ಗಿಡ ಇಡುವ ಮುಂಚೆ ಗೋಡೆಯನ್ನು ಗುದ್ದಲಿಯಿಂದ ಅಲ್ಲಲ್ಲಿ ಕೆತ್ತಿಬಿಡಿ.

ಆಯಿಲ್ ಬಿಸಿ

ಹೈಡ್ರಾಲಿಕ್ ಆಯಿಲ್ 50ರಿಂದ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. 90ರ ಕಡೆಗೆ ಹೋದರೆ ತೆಳುವಾಗಿ, ಸೀಲ್‌ಗಳು ಗಟ್ಟಿಯಾಗಿ, ಎಲ್ಲ ಕಡೆ ಸೋರಲು ಶುರು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಮಷಿನ್ ಶುರುವಾಗುವುದೇ 40 ಡಿಗ್ರಿಯಿಂದ. ಅಲ್ಲಿ ಆಯಿಲ್ ತಂಪು ಮಾಡುವ ಕೂಲರ್ ಸ್ವಚ್ಛವಾಗಿರಲೇಬೇಕು. ಸ್ವೀಪರ್ ಹಾಕಿ ರಸ್ತೆ ಗುಡಿಸಿದರೆ ಅರ್ಧ ದಿನಕ್ಕೇ ಹಿಂದಿನ ಕೂಲರ್ ಧೂಳಿನಿಂದ ಮುಚ್ಚುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ಇಂಜಿನ್ ಆರಿಸಿ, ಗಾಳಿ ಬರುವ ದಿಕ್ಕಿಗೆ ಎದುರಾಗಿ ಏರ್ ಹೊಡೆದು ಧೂಳು ಹೊರಗೆ ತಳ್ಳಿ. ಪ್ರೆಶರ್ ಜಾಸ್ತಿ ಇಟ್ಟರೆ ಕೂಲರ್‌ನ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಕೂಲರ್ ಚೊಕ್ಕವಾಗಿದ್ದೂ ಆಯಿಲ್ ಕಾಯುತ್ತಿದೆ, ಕೆಲಸವೂ ನಿಧಾನ ಅಂದರೆ ಮೊದಲು ರಿಟರ್ನ್ ಕಪ್ಲರ್ ನೋಡಿ. ಫ್ಲಾಟ್ ಫೇಸ್ ಕಪ್ಲರ್ ಪೂರ್ತಿ ಕೂರದಿದ್ದರೆ ಅದರ ವಾಲ್ವ್ ಅರ್ಧ ಮಾತ್ರ ತೆರೆದಿರುತ್ತದೆ. ಹೊರಗಿನಿಂದ ಜೋಡಿಸಿದ ಹಾಗೇ ಕಾಣುತ್ತದೆ. ಪಂಪ್ ಬಿಚ್ಚಿಸುವ ಮುಂಚೆ ಈ ಒಂದು ಕಪ್ಲರ್ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಿ. ಆಮೇಲೆ ಫಿಲ್ಟರ್. ಆಮೇಲೆ ರಿಟರ್ನ್ ಲೈನ್‌ಗೆ ಗೇಜ್ ಹಾಕಿಸಿ, ಬ್ರೇಕರ್ ಮ್ಯಾನುಯಲ್ ಒಪ್ಪುವ ಬ್ಯಾಕ್ ಪ್ರೆಶರ್‌ಗೆ (ರಿಟರ್ನ್ ಲೈನ್‌ನಲ್ಲಿರುವ ಪ್ರೆಶರ್) ಹೋಲಿಸಿ. ಪಂಪ್ ಸೀಟಿ ಹೊಡೆದ ಹಾಗೆ ಕೂಗುತ್ತಿದ್ದರೆ ಆಯಿಲ್ ಕಡಿಮೆ, ಇಲ್ಲ ಗಾಳಿ ಎಳೆಯುತ್ತಿದೆ. ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಪೂರ್ತಿ ಬದಲಿಸಬೇಕು.

ಬಿಚ್ಚಿ ಇಡುವುದು

ಕೆಲಸ ಮುಗಿದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಿ. ಅಟ್ಯಾಚ್‌ಮೆಂಟನ್ನು ಮಗುಚದ ಹಾಗೆ ನೆಲಕ್ಕಿಟ್ಟು ಪ್ರೆಶರ್ ಬಿಡಿ. ಪ್ರೆಶರ್ ಲೈನ್, ರಿಟರ್ನ್ ಬಿಚ್ಚಿ, ಕೊನೆಗೆ ಕೇಸ್ ಡ್ರೈನ್. ವಿದ್ಯುತ್ ಪ್ಲಗ್ ಮರೆತು ಹಿಂದಕ್ಕೆ ಹೋದರೆ ವೈರ್ ಕಿತ್ತುಬರುತ್ತದೆ, ಅದನ್ನೂ ತೆಗೆಯಿರಿ.

ಅಟ್ಯಾಚ್‌ಮೆಂಟ್‌ನ ಎರಡು ಹೋಸ್‌ಗಳಲ್ಲಿ ಒಂದು ಗಂಡು, ಒಂದು ಹೆಣ್ಣು ಕಪ್ಲರ್ ಇದ್ದರೆ ಅವೆರಡನ್ನೂ ಒಂದಕ್ಕೊಂದು ಜೋಡಿಸಿಬಿಡಿ. ಧೂಳು ಕೂರುವುದಿಲ್ಲ, ಹೋಸ್ ನೆಲಕ್ಕೆ ಬೀಳುವುದಿಲ್ಲ. ಮಷಿನ್ ಕಡೆಯ ಕಪ್ಲರ್‌ಗೆ ಕ್ಯಾಪ್ ಹಾಕಿ. ಕ್ಯಾಪ್ ಕಳೆದುಹೋಗಿದ್ದರೆ ಹೊಸದು ತರುವವರೆಗೆ ಸ್ವಚ್ಛ ಪ್ಲಾಸ್ಟಿಕ್ ಕವರ್ ಕಟ್ಟಿ. ಅಟ್ಯಾಚ್‌ಮೆಂಟನ್ನು ನೆರಳಲ್ಲೇ ಇಡಿ.

ಮಳೆಗಾಲಕ್ಕೆ ಬ್ರೇಕರ್ ಎತ್ತಿಡುವುದಾದರೆ ಚಿಸೆಲ್ ಕಳಚಿ, ಪಿಸ್ಟನ್ ತುದಿಗೆ ಧಾರಾಳವಾಗಿ ಗ್ರೀಸ್ ಬಳಿದು, ಪಿಸ್ಟನ್ ಪೂರ್ತಿ ಒಳಗೆ ತಳ್ಳಿಡಿ. ಹೊರಗೆ ಉಳಿದ ಭಾಗಕ್ಕೆ ತುಕ್ಕು ಹಿಡಿದರೆ, ಮಳೆ ನಿಂತು ಮೊದಲ ದಿನ ಓಡಿಸಿದಾಗ ಅದು ಸೀಲನ್ನು ಕೊಯ್ದುಹಾಕುತ್ತದೆ. ಗ್ಯಾಸ್ ಪ್ರೆಶರ್ ಇರುವಾಗ ಪಿಸ್ಟನ್ ಕೈಬಲಕ್ಕೆ ಜಗ್ಗುವುದಿಲ್ಲ, ಅದಕ್ಕೆ ಸರ್ವಿಸ್‌ನವರನ್ನು ಕರೆಸಿ ಗ್ಯಾಸ್ ಇಳಿಸಿಯೇ ಮಾಡಿಸಿ.